ಸೇ, ಟೆಲ್, ಸಜೆಸ್ಟ್: ‘ದ್ಯಾಟ್’ ಬಳಕೆ ನೋಡಲು ಯಾವ ಆನ್‌ಲೈನ್ ನಿಘಂಟು ಒಳ್ಳೆಯದು?

‘ಹಿ ಸೆಡ್ ಮಿ ದ್ಯಾಟ್…’ ಎಂದು ಬರೆಯುವವರಿಗೆ ‘ಸೇ’ ಪದದ ಅರ್ಥ ಗೊತ್ತಿಲ್ಲ ಅಂತೇನಲ್ಲ. ಅರ್ಥ ಚೆನ್ನಾಗಿಯೇ ಗೊತ್ತು. ಗೊತ್ತಿಲ್ಲದಿರುವುದು ಆ ಪದ ತನ್ನ ಪಕ್ಕದಲ್ಲಿ ಯಾರನ್ನು ಕೂರಿಸಿಕೊಳ್ಳುತ್ತದೆ, ಯಾರನ್ನು ಹತ್ತಿರ ಸೇರಿಸುವುದಿಲ್ಲ ಅನ್ನುವುದು. ಸೇ, ಟೆಲ್, ಇನ್‌ಫಾರ್ಮ್, ಮೆನ್ಷನ್, ಎಕ್ಸ್‌ಪ್ಲೇನ್ ಇವಕ್ಕೆಲ್ಲ ಸಾಮಾನ್ಯ ಇಂಗ್ಲಿಷ್-ಕನ್ನಡ ನಿಘಂಟು ‘ಹೇಳು, ತಿಳಿಸು, ವಿವರಿಸು’ ಎಂದು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಕನ್ನಡದಲ್ಲಿ ಮೂರಕ್ಕೂ ‘ನನಗೆ’ ಹತ್ತುತ್ತದೆ: ನನಗೆ ಹೇಳಿದ, ನನಗೆ ತಿಳಿಸಿದ, ನನಗೆ ವಿವರಿಸಿದ. ಇಂಗ್ಲಿಷಿನಲ್ಲಿ ಒಂದೊಂದರದು ಒಂದೊಂದು ದಾರಿ. ‘ಸೆಡ್ ಟು ಮಿ ದ್ಯಾಟ್’, ‘ಟೋಲ್ಡ್ ಮಿ ದ್ಯಾಟ್’, ‘ಇನ್‌ಫಾರ್ಮ್ಡ್ ಮಿ ದ್ಯಾಟ್’, ‘ಎಕ್ಸ್‌ಪ್ಲೇನ್ಡ್ ಟು ಮಿ ದ್ಯಾಟ್’. ಈ ‘ಟು’ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ಅರ್ಥದಿಂದ ಊಹಿಸಲು ಹೊರಟರೆ ಕೆಡುವುದು ಖಂಡಿತ.

ಇಂಥ ಕ್ರಿಯಾಪದಗಳನ್ನು ವ್ಯಾಕರಣದವರು ರಿಪೋರ್ಟಿಂಗ್ ವರ್ಬ್ ಅನ್ನುತ್ತಾರೆ: ಯಾರೋ ಹೇಳಿದ್ದನ್ನು, ಅಂದುಕೊಂಡದ್ದನ್ನು, ಕಂಡುಕೊಂಡದ್ದನ್ನು ನಾವು ಮುಟ್ಟಿಸುವ ಕ್ರಿಯಾಪದಗಳು. ಅವುಗಳ ನಂತರ ಬರುವ ‘ದ್ಯಾಟ್’ ಉಪವಾಕ್ಯದ ವಿಷಯದಲ್ಲಿ ನಿಜಕ್ಕೂ ನೆರವಾಗುವುದು ಕಲಿಕಾ ನಿಘಂಟು, ಅಂದರೆ ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿಯೇ ಮಾಡಿದ ನಿಘಂಟು. ನೆಟ್‌ನಲ್ಲಿ ದುಡ್ಡು ಕೊಡದೆ ಸಿಗುವ ನಾಲ್ಕು ಮುಖ್ಯವಾದವುಗಳನ್ನು, ಲಾಂಗ್‌ಮನ್, ಕಾಲಿನ್ಸ್ ಕೋಬಿಲ್ಡ್, ಕೇಂಬ್ರಿಡ್ಜ್, ಆಕ್ಸ್‌ಫರ್ಡ್ ಲರ್ನರ್ಸ್, ಈ ಒಂದೇ ಕೆಲಸಕ್ಕೆ ಒರೆಹಚ್ಚಿ ನೋಡಿದ ವಿಮರ್ಶೆ ಇದು. ಉಚ್ಚಾರಣೆ, ಆ್ಯಪ್, ಜಾಹೀರಾತಿನ ಕಾಟ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ.

ಆತುರದವರಿಗೆ ತೀರ್ಪು ಮೊದಲೇ: ತಪ್ಪು ತಪ್ಪಿಸಿಕೊಳ್ಳಲು ಲಾಂಗ್‌ಮನ್, ಸರಿಯಾದದ್ದು ಖಾತ್ರಿ ಮಾಡಿಕೊಳ್ಳಲು ಕಾಲಿನ್ಸ್. ‘ದ್ಯಾಟ್’ ಬಿಡಬಹುದೇ ಅನ್ನುವ ಪ್ರಶ್ನೆಗೆ ಕೇಂಬ್ರಿಡ್ಜ್. ಆಕ್ಸ್‌ಫರ್ಡ್ ಎಲ್ಲದರಲ್ಲೂ ಎರಡನೆಯದು, ಯಾವುದರಲ್ಲೂ ಕೊನೆಯದಲ್ಲ.

‘ಅಂತ’ ಮಾಡುವ ಮೋಸ

ನಿಘಂಟಿನಲ್ಲಿ ಏನು ಹುಡುಕಬೇಕು ಅನ್ನುವುದು ಗೊತ್ತಾಗಬೇಕಾದರೆ ಕನ್ನಡದ ‘ಅಂತ’, ‘ಎಂದು’ ಎಷ್ಟು ಕೆಲಸ ಮಾಡುತ್ತವೆ ಅನ್ನುವುದನ್ನು ನೋಡಬೇಕು. ‘ಮಳೆ ಬರುತ್ತೆ ಅಂತ ಹೇಳಿದ’, ‘ಎಲ್ಲಿಗೆ ಹೊರಟೆ ಅಂತ ಕೇಳಿದ’, ‘ಬಾ ಅಂತ ಕರೆದ’, ‘“ಅಯ್ಯೋ” ಅಂತ ಕೂಗಿದ’. ಸುದ್ದಿ, ಪ್ರಶ್ನೆ, ಅಪ್ಪಣೆ, ಉದ್ಗಾರ ನಾಲ್ಕಕ್ಕೂ ಒಂದೇ ಗೂಟ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಸುದ್ದಿಗೆ ಮಾತ್ರ ‘ದ್ಯಾಟ್’. ಪ್ರಶ್ನೆಗೆ ‘ವೇರ್, ವೈ, ವೆದರ್, ಇಫ್’ ತಾವೇ ಕೊಂಡಿಯಾಗುತ್ತವೆ, ಅಲ್ಲಿ ‘ದ್ಯಾಟ್’ಗೆ ಜಾಗವಿಲ್ಲ. ಅಪ್ಪಣೆಗೆ ‘ಟು’ ಜೊತೆಗಿನ ಕ್ರಿಯಾಪದ. ಉದ್ಗಾರಕ್ಕೆ ಉದ್ಧರಣ ಚಿಹ್ನೆ. ‘ಹಿ ಆಸ್ಕ್ಡ್ ಮಿ ದ್ಯಾಟ್ ವೇರ್ ಐ ವಾಸ್ ಗೋಯಿಂಗ್’ ಅನ್ನುವ ವಾಕ್ಯ ಹುಟ್ಟುವುದೇ ಈ ‘ಅಂತ’ದ ಹೊಟ್ಟೆಯಲ್ಲಿ. ಅದರಲ್ಲಿ ಒಂದೇ ಒಂದು ಪದ ಹೆಚ್ಚು, ಆ ‘ದ್ಯಾಟ್’. ತೆಗೆದರೆ ವಾಕ್ಯ ಸರಿ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ‘ನಾನು ನಾಳೆ ಬರುತ್ತೇನೆ ಎಂದು ಅವನು ಹೇಳಿದ’ ಅಂದರೆ ಕನ್ನಡದಲ್ಲಿ ಬರುವವನು ಅವನು. ಅದನ್ನೇ ಪದಕ್ಕೆ ಪದ ಇಟ್ಟು ‘ಹಿ ಸೆಡ್ ದ್ಯಾಟ್ ಐ ವಿಲ್ ಕಮ್ ಟುಮಾರೊ’ ಎಂದು ಬರೆದರೆ ಬರುವವನು ಬರೆದವನೇ ಆಗಿಬಿಡುತ್ತಾನೆ. ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ, ಅರ್ಥ ಮಾತ್ರ ತಲೆಕೆಳಗು. ಇದನ್ನು ಯಾವ ಕಾಗುಣಿತ ಪರೀಕ್ಷಕವೂ, ಯಾವ ವ್ಯಾಕರಣ ಪರೀಕ್ಷಕವೂ ಕೆಂಪು ಗೆರೆ ಎಳೆದು ತೋರಿಸಲು ಸಾಧ್ಯವಿಲ್ಲ, ಯಾಕೆಂದರೆ ಯಂತ್ರಕ್ಕೆ ಕಾಣುವುದು ಸರಿಯಾದ ವಾಕ್ಯ. ‘ದ್ಯಾಟ್’ ಬಂತೆಂದರೆ ಒಳಗಿನ ‘ಐ’ ಯಾವಾಗಲೂ ವರದಿ ಮಾಡುತ್ತಿರುವವನು. ‘ಹಿ ಸೆಡ್ ದ್ಯಾಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ’ ಎಂದು ಸರ್ವನಾಮ, ಕಾಲ, ದಿನ ಮೂರನ್ನೂ ತಿರುಗಿಸಬೇಕು. ಹೇಳಿದ ಮಾತು ಈಗಲೂ ನಿಜವಾಗಿದ್ದರೆ ಕಾಲವನ್ನು ವರ್ತಮಾನದಲ್ಲೇ ಬಿಡಬಹುದು, ಆದರೆ ಸರ್ವನಾಮಕ್ಕೆ ಆ ರಿಯಾಯಿತಿ ಇಲ್ಲ.

ಹಾಗಾಗಿ ನಿಘಂಟು ತೆರೆದಾಗ ಕೇಳಬೇಕಾದ ಪ್ರಶ್ನೆ ಮೂರು. ಈ ಕ್ರಿಯಾಪದಕ್ಕೆ ‘ದ್ಯಾಟ್’ ಹತ್ತುತ್ತದೆಯೇ? ಹತ್ತಿದರೆ ಕೇಳುವ ವ್ಯಕ್ತಿಯನ್ನು ಎಲ್ಲಿ ಇಡಬೇಕು: ನೇರವಾಗಿಯೇ, ‘ಟು’ ಹಾಕಿಯೇ, ಅಥವಾ ಇಡುವಂತೆಯೇ ಇಲ್ಲವೇ? ‘ದ್ಯಾಟ್’ ಒಳಗಿನ ಕ್ರಿಯಾಪದ ಮಾಮೂಲಿ ರೂಪದಲ್ಲಿರಬೇಕೇ, ಅಥವಾ ‘ಸಜೆಸ್ಟೆಡ್ ದ್ಯಾಟ್ ಹಿ ಗೋ’ ಎಂಬಂತೆ (‘ಗೋಸ್’, ‘ವೆಂಟ್’ ಆಗದೆ) ಬೋಳಾಗಿರಬೇಕೇ?

ಸಂಕೇತಗಳ ಕತೆ, ಸಂಕ್ಷಿಪ್ತವಾಗಿ

ಈ ಮೂರು ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನ ಹೊಸದಲ್ಲ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಇಬ್ಬರು ಸಹೋದ್ಯೋಗಿಗಳ ಜೊತೆ ಮಾಡಿದ ನಿಘಂಟು 1942ರಲ್ಲಿ ಅಲ್ಲೇ ಅಚ್ಚಾಯಿತು. ಆಕ್ಸ್‌ಫರ್ಡ್ ಅದನ್ನು 1948ರಲ್ಲಿ ತನ್ನ ಹೆಸರಿನಲ್ಲಿ ತಂದಿತು. ಅದರ ಜೀವಾಳವೇ ಕ್ರಿಯಾಪದಗಳ 25 ವಿನ್ಯಾಸಗಳು, ಅಂದರೆ ಕ್ರಿಯಾಪದದ ಜೊತೆ ಏನೇನು ಯಾವ ಕ್ರಮದಲ್ಲಿ ಬರುತ್ತದೆ ಎಂಬ ಅಚ್ಚುಗಳು, ಪ್ರತಿಯೊಂದಕ್ಕೂ ಒಂದು ನಂಬರು. ನಂಬರು ನೋಡಿ, ಪುಸ್ತಕದ ಮುಂಭಾಗಕ್ಕೆ ಹೋಗಿ, ವಿನ್ಯಾಸ ಏನೆಂದು ತಿಳಿದು ಮತ್ತೆ ಪದಕ್ಕೆ ಮರಳಬೇಕು. ಲಾಂಗ್‌ಮನ್ 1978ರಲ್ಲಿ ಅಕ್ಷರ ಮತ್ತು ಅಂಕಿ ಸೇರಿಸಿತು: ‘ಟಿ5’ ಅಂದರೆ ‘ದ್ಯಾಟ್’ ಉಪವಾಕ್ಯ ಬರುವ ಕ್ರಿಯಾಪದ, ‘ಡಿ5’ ಅಂದರೆ ಮೊದಲು ವ್ಯಕ್ತಿ, ಆಮೇಲೆ ‘ದ್ಯಾಟ್’. ಅಚ್ಚುಕಟ್ಟು, ಆದರೆ ಓದುಗರ ಪಾಲಿಗೆ ಗೂಢಲಿಪಿ. 1987ರಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಬಂದ ಕೋಬಿಲ್ಡ್ ವ್ಯಾಕರಣವನ್ನೆಲ್ಲ ಪುಟದ ಅಂಚಿನ ಬೇರೆ ಅಂಕಣಕ್ಕೆ ಎತ್ತಿ ಹಾಕಿತು. ಅಂಕಿಗಳು ಕ್ರಮೇಣ ಎಲ್ಲ ಕಡೆಯೂ ಮಾಯವಾದವು. ಇವತ್ತು ನಾಲ್ಕೂ ತಾಣಗಳು ‘ಟೆಲ್ ಸಮ್‌ಬಡಿ ದ್ಯಾಟ್’ ಅಥವಾ ‘ವರ್ಬ್ ನೌನ್ ದ್ಯಾಟ್’ ಎಂಬಂತೆ ಮಾತಿನಲ್ಲೇ ಬರೆದು ತೋರಿಸುತ್ತವೆ. ಸುಲಭವಾಯಿತು, ನಿಜ. ಆದರೆ ಹಳೆಯ ಪದ್ಧತಿಯಲ್ಲಿ ಒಂದು ಶಿಸ್ತು ಇತ್ತು: ನಂಬರು ಇಲ್ಲವೆಂದರೆ ಆ ವಿನ್ಯಾಸ ಇಲ್ಲ ಎಂದೇ ಓದಿಕೊಳ್ಳಬಹುದಿತ್ತು. ಮಾತಿನಲ್ಲಿ ಬರೆದದ್ದನ್ನು ಓದುಗ ಬರೀ ಉದಾಹರಣೆ ಎಂದುಕೊಂಡು ದಾಟಿಹೋಗುತ್ತಾನೆ.

ನಿಘಂಟು ಏನಿದೆಯೋ ಅದನ್ನು ಅಚ್ಚು ಹಾಕುತ್ತದೆ, ನಮ್ಮ ತಪ್ಪು ಇರುವುದು ಏನಿಲ್ಲವೋ ಅಲ್ಲಿ. ‘ಎಕ್ಸ್‌ಪ್ಲೇನ್’ ಪದದಡಿ ‘ಎಕ್ಸ್‌ಪ್ಲೇನ್ ಸಮ್‌ಬಡಿ ದ್ಯಾಟ್’ ಇಲ್ಲ ಎನ್ನುವುದನ್ನು ಗಮನಿಸಬೇಕಾದರೆ ಅದು ಇರಬಹುದೆಂಬ ಅನುಮಾನ ಮೊದಲು ಬರಬೇಕು. ಈ ಖಾಲಿ ಜಾಗವನ್ನು ಯಾರು ಎಷ್ಟು ಎದ್ದು ಕಾಣುವಂತೆ ಮಾಡಿದ್ದಾರೆ ಅನ್ನುವುದರ ಮೇಲೆಯೇ ಇಲ್ಲಿನ ಅಂಕ.

ಲಾಂಗ್‌ಮನ್

ಆ ಲೆಕ್ಕದಲ್ಲಿ ಲಾಂಗ್‌ಮನ್‌ಗೆ ಮೊದಲ ಸ್ಥಾನ. ಹೆಚ್ಚು ಎಡವುವ ಕ್ರಿಯಾಪದಗಳಿಗೆ ವ್ಯಾಕರಣದ ಪ್ರತ್ಯೇಕ ಚೌಕಟ್ಟು ಇದೆ, ಅದರೊಳಗೆ ಗುಣಾಕಾರದ ಗುರುತು ಹಾಕಿ ‘ಡೋಂಟ್ ಸೇ’ ಎಂದು ತಪ್ಪು ವಾಕ್ಯವನ್ನೇ ಬರೆದು ತೋರಿಸುತ್ತಾರೆ. ‘ಸಜೆಸ್ಟ್’ ತೆರೆಯಿರಿ, ‘ಸಜೆಸ್ಟ್ ಸಮ್‌ವನ್ ಟು ಡೂ’ ಬೇಡ ಅನ್ನುವುದು ಸಿಗುತ್ತದೆ. ‘ಡಿಸ್ಕಸ್’ ತೆರೆಯಿರಿ, ‘ಡಿಸ್ಕಸ್ ಅಬೌಟ್’ ಬೇಡ ಅನ್ನುವುದು ಸಿಗುತ್ತದೆ. ‘ಅದರ ಬಗ್ಗೆ ಚರ್ಚಿಸಿದೆವು’ ಅನ್ನುವ ಕನ್ನಡದ ‘ಬಗ್ಗೆ’ ಇಂಗ್ಲಿಷಿಗೆ ನುಸುಳುವುದು ಹೀಗೆಯೇ ಅಲ್ಲವೇ. ಇಲ್ಲದಿರುವುದನ್ನು ಅಚ್ಚು ಹಾಕಿದ ಧೈರ್ಯಕ್ಕೆ ಮೆಚ್ಚಬೇಕು.

ಕೊರತೆಯೂ ಅಲ್ಲೇ. ಚೌಕಟ್ಟು ಇರುವುದು ಆಯ್ದ ಪದಗಳಿಗೆ ಮಾತ್ರ. ಚೌಕಟ್ಟು ಇಲ್ಲದ ಪದಕ್ಕೆ ಬಂದಾಗ, ‘ಇಲ್ಲಿ ಎಚ್ಚರಿಕೆ ಇಲ್ಲ, ಹಾಗಾದರೆ ಏನು ಬರೆದರೂ ನಡೆಯುತ್ತದೆ’ ಅನ್ನುವ ಭ್ರಮೆ ಹುಟ್ಟುತ್ತದೆ. ಅಪರೂಪದ ಕ್ರಿಯಾಪದಗಳಲ್ಲಿ, ‘ಕನ್ಸೀಡ್’, ‘ಅಲೆಜ್’, ‘ಸ್ಟಿಪ್ಯುಲೇಟ್’ ಇಂಥವುಗಳಲ್ಲಿ, ದಪ್ಪಕ್ಷರದ ವಿನ್ಯಾಸದ ಸಾಲು ಮತ್ತು ಒಂದೆರಡು ಉದಾಹರಣೆಗಳನ್ನೇ ನಂಬಬೇಕು. ಅರ್ಥವಿವರಣೆ ಮಾತ್ರ ಸರಾಗ. ಸುಮಾರು 2000 ಸರಳ ಪದಗಳಲ್ಲೇ ಎಲ್ಲ ವಿವರಣೆ ಬರೆಯಬೇಕೆಂಬ ನಿಯಮವನ್ನು ಇದು 1978ರಿಂದಲೂ ಪಾಲಿಸುತ್ತಿದೆ.

ಕಾಲಿನ್ಸ್ ಕೋಬಿಲ್ಡ್

ಇದರ ಬಲ ಬೇರೆ ಕಡೆ ಇದೆ. ಬಹುತೇಕ ಉದಾಹರಣೆಗಳ ಕೊನೆಗೆ ಅದು ಯಾವ ವಿನ್ಯಾಸದ್ದು ಎಂಬ ಚೀಟಿ ಅಂಟಿಸಿರುತ್ತಾರೆ: ‘ವರ್ಬ್ ದ್ಯಾಟ್’, ‘ವರ್ಬ್ ನೌನ್ ದ್ಯಾಟ್’, ‘ವರ್ಬ್ ಟು ನೌನ್ ದ್ಯಾಟ್’, ‘ವರ್ಬ್ ವಿತ್ ಕೋಟ್’. ಅಂದಾಜಿಗೆ ಎಡೆಯೇ ಇಲ್ಲ. ‘ಟೆಲ್’ ಪದದಲ್ಲಿ ‘ನೌನ್’ ನಡುವೆ ಕೂತಿರುವುದು, ‘ಕಂಪ್ಲೇನ್’, ‘ಅಡ್ಮಿಟ್’ ಥರದ ಪದಗಳಲ್ಲಿ ವ್ಯಕ್ತಿ ಬರಬೇಕಾದರೆ ‘ಟು’ ಬೇಕೆನ್ನುವುದು ಚೀಟಿ ಓದಿದರೆ ಸಾಕು, ಗೊತ್ತಾಗುತ್ತದೆ. ಉದಾಹರಣೆಗಳು ಕಂಪ್ಯೂಟರಿನಲ್ಲಿ ಕೂಡಿಟ್ಟ ನಿಜ ಬರಹಗಳಿಂದ ಬಂದವು, ಹಾಗಾಗಿ ಒಮ್ಮೊಮ್ಮೆ ಮುಂದು-ಹಿಂದಿನ ಸಂದರ್ಭವಿಲ್ಲದೆ ಒರಟಾಗಿ ಕಾಣುತ್ತವೆ. ಅದು ದೋಷವಲ್ಲ.

ಇದರ ನಿಜವಾದ ಖಜಾನೆ ಪದದ ಪುಟದಲ್ಲಿಲ್ಲ. ಕಾಲಿನ್ಸ್ ತಾಣದ ವ್ಯಾಕರಣ ವಿಭಾಗದಲ್ಲಿ ಗ್ರಾಮರ್ ಪ್ಯಾಟರ್ನ್ಸ್ ಎಂಬ ಭಾಗವಿದೆ. ಗಿಲ್ ಫ್ರಾನ್ಸಿಸ್, ಸೂಸನ್ ಹನ್ಸ್‌ಟನ್, ಎಲಿಜಬೆತ್ ಮ್ಯಾನಿಂಗ್ ಸೇರಿ 1996ರಲ್ಲಿ ಪುಸ್ತಕವಾಗಿ ತಂದ ಸಾಮಗ್ರಿ ಅದು. ಅಲ್ಲಿ ಹುಡುಕಾಟ ತಿರುಗುಮುರುಗು: ಪದ ಕೊಟ್ಟು ವಿನ್ಯಾಸ ಪಡೆಯುವ ಬದಲು ವಿನ್ಯಾಸ ಕೊಟ್ಟು ಪದಗಳ ಪಟ್ಟಿ ಪಡೆಯಬಹುದು. ‘ದ್ಯಾಟ್’ ಬರುವ ಕ್ರಿಯಾಪದಗಳನ್ನು ‘ಸೇ’ ಗುಂಪು, ‘ಥಿಂಕ್’ ಗುಂಪು, ‘ಡಿಸ್ಕವರ್’ ಗುಂಪು, ‘ಶೋ’ ಗುಂಪು ಎಂದು ಅರ್ಥದ ಮೇಲೆ ವಿಂಗಡಿಸಿದ್ದಾರೆ. ಪ್ರಬಂಧದಲ್ಲಿ ‘ಸೇಸ್ ದ್ಯಾಟ್’ ಹತ್ತು ಸಲ ಬಂದು ಬೇಸರವಾದಾಗ ಸಮಾನಾರ್ಥಕ ಕೋಶ ತೆರೆಯುವ ಬದಲು ಈ ಪಟ್ಟಿ ತೆರೆಯುವುದು ಲೇಸು. ಸಮಾನಾರ್ಥಕ ಕೋಶದಲ್ಲಿ ‘ಸೇ’ ಪಕ್ಕದಲ್ಲೇ ‘ಎಕ್ಸ್‌ಪ್ರೆಸ್’ ಇರುತ್ತದೆ, ‘ಸ್ಪೀಕ್’ ಇರುತ್ತದೆ. ಎರಡನ್ನೂ ‘ಸೇ’ ಕೂರಿಸಿದ್ದ ಜಾಗದಲ್ಲೇ ಕೂರಿಸಿದರೆ ವಾಕ್ಯ ಮುರಿಯುತ್ತದೆ. ಈ ಪಟ್ಟಿಯಲ್ಲಿರುವ ಪದಗಳೆಲ್ಲ ಒಂದೇ ವಿನ್ಯಾಸದವು, ಆದ್ದರಿಂದ ಬದಲಿಸಿದರೂ ವಾಕ್ಯ ನಿಲ್ಲುತ್ತದೆ.

ಕಾಲಿನ್ಸ್ ಪುಟದ ತಲೆನೋವು ಒಂದೇ. ಒಂದೇ ಪದಕ್ಕೆ ಮೂರು ನಿಘಂಟು ಒಂದರ ಕೆಳಗೊಂದು ಬರುತ್ತವೆ: ಕೋಬಿಲ್ಡ್, ಬ್ರಿಟಿಷ್ ಇಂಗ್ಲಿಷ್, ಅಮೆರಿಕನ್ ಇಂಗ್ಲಿಷ್. ಚೀಟಿ ಇರುವುದು ಮೊದಲನೆಯದರಲ್ಲಿ ಮಾತ್ರ. ಕೆಳಗೆ ಉರುಳಿಸಿ ಎರಡನೆಯದಕ್ಕೆ ಹೋದವರು ‘ಇಲ್ಲಿ ವ್ಯಾಕರಣವೇ ಇಲ್ಲ’ ಎಂದು ಪುಟ ಮುಚ್ಚಿಬಿಡುತ್ತಾರೆ.

ಕೇಂಬ್ರಿಡ್ಜ್, ಆಕ್ಸ್‌ಫರ್ಡ್

ಕೇಂಬ್ರಿಡ್ಜ್‌ನ ಸಂಕೇತ ಸಣ್ಣದು, ಆದರೆ ಜಾಣ. ಚೌಕ ಆವರಣದೊಳಗೆ ಕೂಡು ಚಿಹ್ನೆ ಹಾಕಿ ‘ದ್ಯಾಟ್’ ಬರೆದರೆ ಆ ಪದ ಇರಲಿ ಎಂದರ್ಥ. ‘ದ್ಯಾಟ್’ ಸುತ್ತ ಇನ್ನೊಂದು ದುಂಡು ಆವರಣ ಇದ್ದರೆ ಬಿಡಬಹುದು ಎಂದರ್ಥ. ಒಂದು ಆವರಣದ ವ್ಯತ್ಯಾಸದಲ್ಲಿ ಇಷ್ಟು ಮಾಹಿತಿ ತುಂಬಿದ್ದಾರೆ, ಎಷ್ಟೋ ಜನ ಅದನ್ನು ಅಲಂಕಾರ ಎಂದುಕೊಂಡು ಬಿಡುತ್ತಾರೆ. ಸೇ, ಥಿಂಕ್, ನೋ, ಹೋಪ್, ಟೆಲ್ ಇವುಗಳ ನಂತರ ‘ದ್ಯಾಟ್’ ಬಿಡುವುದು ಸಹಜ, ಮಾತಿನಲ್ಲಿ ಬಿಡುವುದೇ ಹೆಚ್ಚು. ರಿಪ್ಲೈ, ಕಂಪ್ಲೇನ್, ವಿಸ್ಪರ್, ಶೌಟ್ ಇವುಗಳ ನಂತರ ಬಿಟ್ಟರೆ ವಾಕ್ಯ ಕುಂಟುತ್ತದೆ. ಸಾಮಾನ್ಯವಾಗಿ ಪದ ಎಷ್ಟು ದಿನಬಳಕೆಯದೋ ಅಷ್ಟು ಸಲೀಸಾಗಿ ‘ದ್ಯಾಟ್’ ಉದುರುತ್ತದೆ.

ಆದರೆ ಬಿಡಬಾರದ ಎರಡು ಜಾಗಗಳನ್ನು ಕೇಂಬ್ರಿಡ್ಜ್‌ನ ಆವರಣ ಹೇಳಲಾರದು, ಏಕೆಂದರೆ ಅವು ಪದದ ಗುಣವಲ್ಲ, ವಾಕ್ಯದ ಗುಣ. ‘ಶಿ ಸೆಡ್ ಆನ್ ಮಂಡೇ ಶಿ ವುಡ್ ಲೀವ್’. ಸೋಮವಾರ ಹೇಳಿದಳೋ, ಸೋಮವಾರ ಹೊರಡುತ್ತಾಳೋ? ‘ಸೆಡ್ ಆನ್ ಮಂಡೇ ದ್ಯಾಟ್’ ಅಂದರೆ ಹೇಳಿದ ದಿನ, ‘ಸೆಡ್ ದ್ಯಾಟ್ ಆನ್ ಮಂಡೇ’ ಅಂದರೆ ಹೊರಡುವ ದಿನ. ಇನ್ನೊಂದು ಜಾಗ, ‘ಆ್ಯಂಡ್’ ನಂತರದ ಎರಡನೆಯ ಉಪವಾಕ್ಯ. ‘ದ ಮ್ಯಾನೇಜರ್ ಸೆಡ್ ದ ವರ್ಕ್ ವಾಸ್ ಓವರ್ ಆ್ಯಂಡ್ ದ ಟೀಮ್ ವಾಸ್ ಹ್ಯಾಪಿ’ ಅಂದಾಗ ತಂಡಕ್ಕೆ ಖುಷಿಯಾಗಿದೆ ಎಂದವರು ಮ್ಯಾನೇಜರೋ, ಬರೆದವರೋ? ‘ಆ್ಯಂಡ್ ದ್ಯಾಟ್ ದ ಟೀಮ್’ ಎಂದರೆ ಜವಾಬ್ದಾರಿ ಮ್ಯಾನೇಜರ್ ಮೇಲೆ. ವರದಿ ಬರೆಯುವವರು ಈ ಎರಡನೆಯ ‘ದ್ಯಾಟ್’ನಲ್ಲಿ ಜಿಪುಣತನ ಮಾಡಬಾರದು. ‘ದ್ಯಾಟ್’ಗೆ ಮೊದಲು ಅಲ್ಪವಿರಾಮ ಹಾಕುವ ಅಭ್ಯಾಸವಿದ್ದರೆ ಅದನ್ನೂ ಬಿಡಬೇಕು.

ಆಕ್ಸ್‌ಫರ್ಡ್ ಲರ್ನರ್ಸ್ ನೋಡಲು ಅಚ್ಚುಕಟ್ಟು. ವಿನ್ಯಾಸದ ಸಾಲು ದಪ್ಪಕ್ಷರದಲ್ಲಿ, ಅದರಡಿ ಉದಾಹರಣೆ. ‘ಸೇ’ ಮತ್ತು ‘ಟೆಲ್’ ನಡುವಿನ ಜಗಳಕ್ಕೆ ‘ವಿಚ್ ವರ್ಡ್’ ಎಂಬ ಚೌಕಟ್ಟು ಕೊಟ್ಟಿದ್ದಾರೆ. ಮೊದಲ ಸಲ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಬಾಗಿಲು ಇಲ್ಲ. ಒಂದು ಪದದ ಬೇರೆ ಬೇರೆ ಅರ್ಥಕ್ಕೆ ಬೇರೆ ಬೇರೆ ವಿನ್ಯಾಸ ಇದ್ದಾಗ ಅದನ್ನು ಅರ್ಥದ ಸಂಖ್ಯೆಯೊಂದಿಗೆ ಕಟ್ಟಿ ಕೊಡುವ ರೀತಿಯೂ ಓದಲು ಹಿತ. ಎಲ್ಲವನ್ನೂ ಒಂದೇ ಕಡೆ ನೋಡಬೇಕೆನ್ನುವವರು ಇದನ್ನೇ ಮುಖಪುಟ ಮಾಡಿಕೊಂಡರೆ ತಪ್ಪಿಲ್ಲ.

ಮ್ಯಾಕ್‌ಮಿಲನ್ ನಿಘಂಟಿನ ತಾಣವನ್ನು ಈಗಲೂ ಶಿಫಾರಸು ಮಾಡುವವರಿದ್ದಾರೆ. ಅದು 2023ರಲ್ಲಿ ಮುಚ್ಚಿತು. ಅದರ ಅಚ್ಚಿನ ಪ್ರತಿ ಕೈಗೆ ಸಿಕ್ಕರೆ ತಪ್ಪು ತೋರಿಸಿ ತಿದ್ದುವ ‘ಗೆಟ್ ಇಟ್ ರೈಟ್’ ಚೌಕಟ್ಟುಗಳಿಗಾಗಿ ಇಟ್ಟುಕೊಳ್ಳಿ.

ಒರೆಗೆ ಹಚ್ಚಬೇಕಾದ ಪದಗಳು

ಯಾವ ನಿಘಂಟನ್ನಾದರೂ ಐದೇ ನಿಮಿಷದಲ್ಲಿ ಅಳೆಯಲು ‘ಇನ್ಸಿಸ್ಟ್’ ತೆರೆಯಿರಿ. ‘ಹಿ ಇನ್ಸಿಸ್ಟೆಡ್ ದ್ಯಾಟ್ ಶಿ ವಾಸ್ ಪ್ರೆಸೆಂಟ್’ ಅಂದರೆ ಅವಳು ಅಲ್ಲಿದ್ದಳು ಎಂದು ಹಟ ಹಿಡಿದು ಹೇಳಿದ. ‘ಹಿ ಇನ್ಸಿಸ್ಟೆಡ್ ದ್ಯಾಟ್ ಶಿ ಬಿ ಪ್ರೆಸೆಂಟ್’ ಅಂದರೆ ಅವಳು ಅಲ್ಲಿರಲೇಬೇಕು ಎಂದು ಪಟ್ಟು ಹಿಡಿದ. ಒಂದು ಕಳೆದುಹೋದ ಸಂಗತಿಯ ಮಾತು, ಇನ್ನೊಂದು ಆಗಬೇಕಾದ ಕೆಲಸದ ಮಾತು. ‘ವಾಸ್’, ‘ಬಿ’ ಅಷ್ಟೇ ವ್ಯತ್ಯಾಸ. ‘ಸಜೆಸ್ಟ್’ ಕೂಡ ಇದೇ ಜಾತಿ: ಅಂಕಿಅಂಶ ಏನನ್ನೋ ಸೂಚಿಸಿದರೆ ಒಳಗಿನ ಕ್ರಿಯಾಪದ ಮಾಮೂಲಿ, ಮನುಷ್ಯ ಸಲಹೆ ಕೊಟ್ಟರೆ ಬೋಳು ರೂಪ ಅಥವಾ ‘ಶುಡ್’. ಬ್ರಿಟಿಷರು ‘ಶುಡ್’ ಸೇರಿಸುವುದು ಹೆಚ್ಚು, ಅಮೆರಿಕನ್ನರು ಬೋಳಾಗಿ ಬಿಡುವುದು ಹೆಚ್ಚು. ಡಿಮಾಂಡ್, ಪ್ರಪೋಸ್, ರೆಕಮೆಂಡ್, ರಿಕ್ವೆಸ್ಟ್ ಕೂಡ ಕೆಲಸ ಆಗಬೇಕೆನ್ನುವ ಗುಂಪಿನವೇ. ಎರಡು ಅರ್ಥವನ್ನೂ ಬೇರ್ಪಡಿಸಿ, ಎರಡಕ್ಕೂ ಉದಾಹರಣೆ ಕೊಟ್ಟ ನಿಘಂಟಿನ ಮೇಲೆ ಭರವಸೆ ಇಡಬಹುದು.

ಎರಡನೆಯ ಪರೀಕ್ಷೆ ‘ಟೆಲ್’. ವ್ಯಕ್ತಿ ಇಲ್ಲದೆ ‘ಟೋಲ್ಡ್ ದ್ಯಾಟ್’ ಬರೆಯಬಾರದು ಎಂಬುದು ಎಲ್ಲರೂ ಹೇಳುವ ಪಾಠ. ಆದರೆ ‘ಐ ಕುಡ್ ಟೆಲ್ ದ್ಯಾಟ್ ಹಿ ವಾಸ್ ಲೈಯಿಂಗ್’ ಪೂರ್ತಿ ಸರಿ. ಅಲ್ಲಿ ‘ಟೆಲ್’ ಅಂದರೆ ಹೇಳುವುದಲ್ಲ, ಗುರುತು ಹಿಡಿಯುವುದು, ಜೊತೆಗೆ ಬಹುಮಟ್ಟಿಗೆ ‘ಕ್ಯಾನ್’ ಅಥವಾ ‘ಕುಡ್’ ಇರುತ್ತದೆ. ಕಲಿಕಾ ನಿಘಂಟುಗಳಲ್ಲಿ ಈ ಅರ್ಥಕ್ಕೆ ಪ್ರತ್ಯೇಕ ಸಂಖ್ಯೆ ಇದೆ, ಆದರೆ ತುಸು ಕೆಳಗೆ ಇಳಿಯಬೇಕು. ಮೊದಲ ಅರ್ಥ ಓದಿ ಎದ್ದುಬಿಡುವವರಿಗೆ ಇಂಥವು ಕೈತಪ್ಪುತ್ತವೆ.

ಮೂರನೆಯದು ‘ಅಶ್ಯೂರ್’ ಮತ್ತು ‘ಎನ್‌ಶ್ಯೂರ್’ ಜೋಡಿ. ಉಚ್ಚಾರಣೆ ಹತ್ತಿರ, ಕನ್ನಡದ ‘ಖಚಿತಪಡಿಸು’ ಎರಡಕ್ಕೂ ಒಗ್ಗುತ್ತದೆ. ‘ಅಶ್ಯೂರ್’ಗೆ ವ್ಯಕ್ತಿ ಬೇಕು: ಯಾರಿಗೆ ಭರವಸೆ ಕೊಟ್ಟಿರಿ? ‘ಎನ್‌ಶ್ಯೂರ್’ಗೆ ವ್ಯಕ್ತಿಯ ಹಂಗಿಲ್ಲ, ನೇರ ‘ದ್ಯಾಟ್’. ‘ವಿ ಅಶ್ಯೂರ್ ದ್ಯಾಟ್ ಕ್ವಾಲಿಟಿ ವಿಲ್ ಬಿ ಮೇಂಟೇನ್ಡ್’ ಎಂಬ ಕಚೇರಿ ವಾಕ್ಯದಲ್ಲಿ ‘ಯೂ’ ಒಂದು ಸೇರಿಸಿದರೆ ಭರವಸೆ, ‘ಅಶ್ಯೂರ್’ ಬದಲು ‘ಎನ್‌ಶ್ಯೂರ್’ ಹಾಕಿದರೆ ಹೊಣೆ. ಇನ್‌ಫಾರ್ಮ್, ರಿಮೈಂಡ್, ನೋಟಿಫೈ, ಕನ್ವಿನ್ಸ್ ಕೂಡ ವ್ಯಕ್ತಿಯಿಲ್ಲದೆ ‘ದ್ಯಾಟ್’ ಮುಟ್ಟವು. ವಾರ್ನ್, ಪ್ರಾಮಿಸ್ ಎರಡೂ ಬಗೆಗೆ ಒಗ್ಗುತ್ತವೆ: ವ್ಯಕ್ತಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಇನ್ನು ‘ದ್ಯಾಟ್’ ಅನ್ನೇ ಒಲ್ಲದವು. ಡಿಸ್ಕಸ್, ಡಿಸ್ಕ್ರೈಬ್, ಟಾಕ್, ಸ್ಪೀಕ್, ಅಕ್ಯೂಸ್, ಬ್ಲೇಮ್, ರೆಫ್ಯೂಸ್. ಇವುಗಳ ವಿಷಯದಲ್ಲೇ ನಿಘಂಟಿನ ಮೌನ ಓದಬೇಕಾದದ್ದು. ‘ಡಿಸ್ಕಸ್ ವೆದರ್’, ‘ಡಿಸ್ಕ್ರೈಬ್ ಹೌ’ ಸಿಗುತ್ತವೆ, ‘ದ್ಯಾಟ್’ ಎಲ್ಲೂ ಸಿಗುವುದಿಲ್ಲ. ‘ರೆಫ್ಯೂಸ್’ ಒಳಗೆ ಹುಡುಕಿದರೆ ‘ಟು’ ಮಾತ್ರ. ‘ನಾನಲ್ಲ ಅಂತ ನಿರಾಕರಿಸಿದ’ ಅನ್ನಲು ಬೇಕಾದದ್ದು ‘ಡಿನೈ’, ‘ಬರಲ್ಲ ಅಂತ ನಿರಾಕರಿಸಿದ’ ಅನ್ನಲು ‘ರೆಫ್ಯೂಸ್’. ಕನ್ನಡದ ಒಂದು ನಿರಾಕರಣೆ ಅಲ್ಲಿ ಎರಡಾಗಿ ಸೀಳುತ್ತದೆ.

ಕರ್ಮಣಿ ಪ್ರಯೋಗಕ್ಕೆ ಬಂದರೆ ವ್ಯಕ್ತಿಯನ್ನು ಎಲ್ಲಿ ಇಟ್ಟಿದ್ದೀರಿ ಅನ್ನುವುದು ಮತ್ತೆ ಲೆಕ್ಕಕ್ಕೆ ಬರುತ್ತದೆ. ಪಕ್ಕದಲ್ಲೇ ನೇರ ಕೂತ ವ್ಯಕ್ತಿ ಮಾತ್ರ ವಾಕ್ಯದ ಮುಂದಕ್ಕೆ ಬರಬಲ್ಲ. ‘ಐ ವಾಸ್ ಟೋಲ್ಡ್ ದ್ಯಾಟ್’ ಸರಿ, ‘ಐ ವಾಸ್ ಇನ್‌ಫಾರ್ಮ್ಡ್ ದ್ಯಾಟ್’ ಸರಿ. ‘ಐ ವಾಸ್ ಸೆಡ್ ದ್ಯಾಟ್’, ‘ಐ ವಾಸ್ ಎಕ್ಸ್‌ಪ್ಲೇನ್ಡ್ ದ್ಯಾಟ್’ ಎರಡೂ ತಪ್ಪು. ‘ಇಟ್ ವಾಸ್ ಎಕ್ಸ್‌ಪ್ಲೇನ್ಡ್ ಟು ಮಿ ದ್ಯಾಟ್’ ಎಂದು ‘ಇಟ್’ ಕಟ್ಟಿ ತರಬೇಕು. ‘ಹೇಳಲಾಗಿದೆ’ ಎಂಬ ಅರ್ಥಕ್ಕೆ ‘ಇಟ್ ಈಸ್ ಸೆಡ್ ದ್ಯಾಟ್’ ಇದೆ, ‘ಇಟ್ ಈಸ್ ಟೋಲ್ಡ್ ದ್ಯಾಟ್’ ಇಲ್ಲ. ಕಾರಣ ಅದೇ, ‘ಟೆಲ್’ಗೆ ಕೇಳುವವನು ಬೇಕು. ಕೋಬಿಲ್ಡ್ ಚೀಟಿಗಳಲ್ಲಿ ಕರ್ಮಣಿ ರೂಪವನ್ನೂ ಗುರುತಿಸಿರುತ್ತಾರೆ, ಈ ಒಂದು ಅಂಶದಲ್ಲಿ ಅದು ಮಿಕ್ಕ ಮೂರಕ್ಕಿಂತ ಮುಂದು.

ನಾಲ್ಕರಲ್ಲೂ ವಿನ್ಯಾಸದ ಸಾಲಿನಲ್ಲಿ ಸಿಗದ್ದು

ಯಾವ ಸಂಕೇತವೂ ಹೇಳದ ಒಂದು ಸಂಗತಿ, ಬರೆಯುವವನು ತಾನು ವರದಿ ಮಾಡುತ್ತಿರುವ ಮಾತನ್ನು ನಂಬುತ್ತಾನೋ ಇಲ್ಲವೋ ಅನ್ನುವುದು. ‘ಪಾಯಿಂಟ್ ಔಟ್ ದ್ಯಾಟ್’, ‘ರಿವೀಲ್ ದ್ಯಾಟ್’, ‘ಅಡ್ಮಿಟ್ ದ್ಯಾಟ್’ ಅಂದರೆ ನಂತರ ಬರುವುದು ನಿಜ ಎಂದು ನೀವೂ ಸಹಿ ಹಾಕಿದಂತೆ. ‘ಕ್ಲೇಮ್ ದ್ಯಾಟ್’ ಅಂದರೆ ‘ಅವನು ಹಾಗೆನ್ನುತ್ತಾನೆ, ನಾನು ಹೊಣೆಯಲ್ಲ’. ‘ಅಲೆಜ್’ ಅಂದರೆ ಆರೋಪ, ಸಾಬೀತಾಗಿಲ್ಲ. ‘ಸ್ಟೇಟ್’ ತಟಸ್ಥ. ವಿನ್ಯಾಸ ಎಲ್ಲಕ್ಕೂ ಒಂದೇ, ‘ದ್ಯಾಟ್’. ಹಾಗಾಗಿ ಚೀಟಿ ನೋಡಿ ಬದಲಿ ಪದ ಹಾಕಿದವರು ವ್ಯಾಕರಣದಲ್ಲಿ ಗೆದ್ದು ಅರ್ಥದಲ್ಲಿ ಸೋಲಬಹುದು. ಇದು ಅರ್ಥವಿವರಣೆಯ ಸಾಲಿನಲ್ಲಿ, ‘ಸಾಬೀತಾಗದಿದ್ದರೂ’ ಎಂಬಂಥ ಒಂದು ಪದಗುಚ್ಛದಲ್ಲಿ ಅಡಗಿರುತ್ತದೆ. ಅದನ್ನು ಓದದೆ ಪ್ರಬಂಧದಲ್ಲಿ ನಿಮ್ಮ ಮಾರ್ಗದರ್ಶಕರ ಸಿದ್ಧಾಂತಕ್ಕೆ ‘ಕ್ಲೇಮ್ಸ್’ ಹಾಕಿದರೆ ಅವರ ಮುಖ ನೋಡುವಂತಿರುವುದಿಲ್ಲ.

ಇನ್ನೊಂದು, ನಿಷೇಧದ ಜಾಗ. ‘ಅವನು ಬರಲ್ಲ ಅನ್ಸುತ್ತೆ’ ಎಂಬಲ್ಲಿ ಕನ್ನಡದ ‘ಇಲ್ಲ’ ಒಳಗಿನ ವಾಕ್ಯದಲ್ಲಿದೆ. ಇಂಗ್ಲಿಷ್ ಅದನ್ನು ಎತ್ತಿ ಹೊರಗೆ ಇಡುತ್ತದೆ: ‘ಐ ಡೋಂಟ್ ಥಿಂಕ್ ಹಿ ವಿಲ್ ಕಮ್’. ಥಿಂಕ್, ಬಿಲೀವ್, ಸಪೋಸ್, ಎಕ್ಸ್‌ಪೆಕ್ಟ್ ಇವಕ್ಕೆ ಈ ರೂಢಿ. ‘ಹೋಪ್’ಗೆ ಇಲ್ಲ, ಅಲ್ಲಿ ‘ಐ ಹೋಪ್ ಹಿ ಡಸಂಟ್ ಕಮ್’ ಎಂದು ಒಳಗೇ ಇರುತ್ತದೆ. ಒಳಗಿಟ್ಟ ‘ಐ ಥಿಂಕ್ ಹಿ ವೋಂಟ್ ಕಮ್’ ತಪ್ಪಲ್ಲ, ಆದರೆ ಕಿವಿಗೆ ಅನುವಾದದಂತೆ ತಾಗುತ್ತದೆ.

ಬಳಸುವ ಕ್ರಮ

ಒಂದು ವಾಕ್ಯಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಕಿಲ್ಲ. ಮೊದಲು ಕನ್ನಡದ ‘ಅಂತ’ ಯಾವುದರದ್ದು ನೋಡಿ: ಸುದ್ದಿಯೋ, ಪ್ರಶ್ನೆಯೋ, ಅಪ್ಪಣೆಯೋ. ಸುದ್ದಿಯಾಗಿದ್ದರೆ, ಅಥವಾ ‘ಇನ್ಸಿಸ್ಟ್’, ‘ಸಜೆಸ್ಟ್’ ಗುಂಪಿನ ಪದವಾಗಿದ್ದರೆ ಮಾತ್ರ ‘ದ್ಯಾಟ್’ ಹುಡುಕಲು ಹೊರಡಿ. ಲಾಂಗ್‌ಮನ್‌ನಲ್ಲಿ ಪದ ತೆರೆದು ವ್ಯಾಕರಣದ ಚೌಕಟ್ಟು ಇದೆಯೇ ನೋಡಿ. ಇದ್ದರೆ ಕೆಲಸ ಅಲ್ಲೇ ಮುಗಿಯಿತು. ಇಲ್ಲದಿದ್ದರೆ ಕಾಲಿನ್ಸ್‌ಗೆ ಹೋಗಿ ನಿಮ್ಮ ಅರ್ಥದ ಸಂಖ್ಯೆ ಹುಡುಕಿ, ಅದರ ಚೀಟಿಗಳನ್ನಷ್ಟೇ ಓದಿ, ಮಿಕ್ಕ ಅರ್ಥದ ಚೀಟಿ ನಿಮಗೆ ಅನ್ವಯಿಸುವುದಿಲ್ಲ. ನೀವು ಬರೆಯಲು ಹೊರಟ ಜೋಡಣೆ ಅಲ್ಲಿಲ್ಲವೆಂದರೆ ಅದು ಇಲ್ಲ ಎಂದೇ ತಿಳಿಯಿರಿ, ‘ಬಿಟ್ಟುಹೋಗಿರಬಹುದು’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಆಮೇಲೆ ‘ದ್ಯಾಟ್’ ಒಳಗಿನ ‘ಐ’, ‘ಯೂ’ಗಳ ಮೇಲೆ ಬೆರಳಿಟ್ಟು ಇದು ಯಾರು ಎಂದು ಕೇಳಿ.

ಒಂದು ಪದ ಉಳಿದಿದೆ, ‘ಎಕ್ಸ್‌ಪ್ರೆಸ್’. ‘ಹಿ ಎಕ್ಸ್‌ಪ್ರೆಸ್ಡ್ ದ್ಯಾಟ್’ ಎಂದು ಬರೆಯುವವರು ದಿನೇದಿನೇ ಹೆಚ್ಚುತ್ತಿದ್ದಾರೆ, ಒಪ್ಪುವವರೂ ಇದ್ದಾರೆ, ಕೆಂಪು ಶಾಯಿ ಎತ್ತುವವರೂ ಇದ್ದಾರೆ. ಇಂಥ ಕಡೆ ನಿಘಂಟಿನ ಜೊತೆ ವಾದಕ್ಕೆ ಇಳಿಯದೆ ನಡುವೆ ಒಂದು ನಾಮಪದ ಇಡುವುದು ಹಳೆಯ ಉಪಾಯ: ‘ಎಕ್ಸ್‌ಪ್ರೆಸ್ಡ್ ದ ವ್ಯೂ ದ್ಯಾಟ್’, ‘ಎಕ್ಸ್‌ಪ್ರೆಸ್ಡ್ ದ ಹೋಪ್ ದ್ಯಾಟ್’. ಅಲ್ಲಿ ‘ದ್ಯಾಟ್’ ಅನ್ನು ಹೊತ್ತಿರುವುದು ನಾಮಪದ, ಕ್ರಿಯಾಪದಕ್ಕೆ ಯಾವ ತಕರಾರೂ ಇಲ್ಲ.